ಮಿದುಳಿನೊಳಗಣ ತಂತಿ, ತಂತಿಯ ಮೇಲಣ ಲೇಪ

ಹುಲಿಕೆರೆಯ ಹೊಯ್ಸಳರ ಕಲ್ಯಾಣಿಯನ್ನು ನೋಡಲು ಬರುವವರು ಸುತ್ತಣ ತೋಟಗಳ ಪಂಪ್‌ಸೆಟ್ಟುಗಳತ್ತ ಕಣ್ಣು ಹಾಯಿಸುವುದು ವಿರಳ. ಆದರೆ ಸುಟ್ಟ ಮೋಟಾರನ್ನು ಹಳೇಬೀಡಿಗೋ ಅರಸೀಕೆರೆಗೋ ಒಯ್ದು ವೈಂಡಿಂಗ್ ಮಾಡಿಸಿದ ರೈತನು, ಕೆಟ್ಟುದು ತಾಮ್ರವಲ್ಲ, ತಾಮ್ರದ ಮೇಲಣ ಲೇಪವೆಂಬುದನ್ನು ಚೆನ್ನಾಗಿ ಬಲ್ಲನು. ಮಿದುಳಿನಲ್ಲಿ ನೆಟ್ಟ ಎಲೆಕ್ಟ್ರೋಡಿನ ಚರಿತ್ರೆಯೂ ಬಹುಪಾಲು ಲೇಪದ ಚರಿತ್ರೆಯೇ.

1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮಿದುಳಿನ ಮೇಲ್ಪದರಕ್ಕೆ ವಿದ್ಯುತ್ತನ್ನು ಸೋಂಕಿಸಿ, ಎದುರು ಪಾರ್ಶ್ವದ ಅಂಗಗಳು ಚಲಿಸುವುದನ್ನು ತೋರಿದ ಮೇಲೆ, ತಂತಿಯನ್ನು ಇನ್ನೂ ಒಳಕ್ಕೆ ಇಳಿಸುವ ಆಸೆ ಹುಟ್ಟಿದುದು ಸಹಜವೇ. ಒಂದೊಂದೇ ನರಕೋಶದ ಸ್ಪಂದನವನ್ನು ಹಿಡಿಯಬೇಕಾದರೆ ತಂತಿಯ ಮೈಯೆಲ್ಲ ಮುಚ್ಚಿದ್ದು ತುದಿಯೊಂದೇ ತೆರೆದಿರಬೇಕು. 1957ರಲ್ಲಿ ಡೇವಿಡ್ ಹ್ಯೂಬೆಲ್ ಟಂಗ್‌ಸ್ಟನ್ ತಂತಿಯನ್ನು ಚೂಪಾಗಿ ಸವೆಯಿಸಿ, ಲ್ಯಾಕರ್ ಬಳಿದು, ಇದನ್ನು ಸಾಧಿಸಿದರು.

ತೊಡಕೆಲ್ಲ ಆ ತೆರೆದ ತುದಿಯದು. ಲೋಹದಲ್ಲಿ ಚಲಿಸುವುದು ಎಲೆಕ್ಟ್ರಾನು, ಮಿದುಳಿನ ಲವಣದ್ರವದಲ್ಲಿ ಚಲಿಸುವುದು ಅಯಾನು. ಇವೆರಡೂ ಸಂಧಿಸುವೆಡೆಯಲ್ಲಿ, ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಲ್ಪಿಸಿದ್ದ ವಿದ್ಯುದಂಶಗಳ ಇಮ್ಮಡಿ ಪದರವೇರ್ಪಟ್ಟು, ಸಂಧಿಯು ಕೆಪಾಸಿಟರಿನಂತೆ ವರ್ತಿಸುತ್ತದೆ: ನಿಧಾನದ ಸಂಕೇತಕ್ಕೆ ಪ್ರತಿಬಾಧೆ, ಎಂದರೆ ಹರಿವಿಗೊಡ್ಡುವ ತಡೆ, ಹೆಚ್ಚು, ಶೀಘ್ರದ ಸಂಕೇತಕ್ಕೆ ಕಡಿಮೆ. ನರಸ್ಪಂದನವು ಸುಮಾರು ಒಂದು ಮಿಲಿಸೆಕೆಂಡಿನದಾದ್ದರಿಂದ ಅಳತೆಗೆ 1,000 ಹರ್ಟ್ಸ್ ರೂಢಿಯಾಯಿತು. ತುದಿ ಕಿರಿದಾದಷ್ಟೂ ಪ್ರತಿಬಾಧೆ ಏರಿ, ಅನಗತ್ಯ ಸದ್ದಿನಲ್ಲಿ ಸಂಕೇತ ಮುಳುಗುತ್ತದೆ.

ಆದುದರಿಂದ ಎರಡನೆಯ ಬಗೆಯ ಲೇಪ ಬಂದಿತು: ತಡೆಯುವುದಕ್ಕಲ್ಲ, ಹರಿಯಗೊಡುವುದಕ್ಕೆ. ಇರಿಡಿಯಂ ಆಕ್ಸೈಡ್, ಪೆಡಾಟ್ ಎಂಬ ವಿದ್ಯುದ್ವಾಹಕ ಪಾಲಿಮರ್ ಮುಂತಾದವು, ತುದಿಯ ಗಾತ್ರವನ್ನು ಹಿಗ್ಗಿಸದೆಯೇ ದ್ರವವನ್ನು ಸೋಂಕುವ ಮೇಲ್ಮೈಯನ್ನು ಹಲವು ಮಡಿ ವಿಸ್ತರಿಸಿ, ಪ್ರತಿಬಾಧೆಯನ್ನು ಇಳಿಸಿದುವು. ಬಟ್ಟಲಿನ ಉಪ್ಪುನೀರಿನಲ್ಲಿ ಇವು ತೋರುವ ಗುಣ ಶ್ಲಾಘ್ಯ. ಆದರೆ ಬಟ್ಟಲಿನ ಅಂಕಿಯನ್ನೇ ನೆಚ್ಚಿ ಲೇಪವನ್ನು ಹೊಗಳುವವರ ಮಾತನ್ನು ನಾನು ಪೂರ್ತಿಯಾಗಿ ನಂಬೆನು. ಜೀವಂತ ಮಿದುಳಿಗೆ ತಂತಿ ಇಳಿದೊಡನೆ ಪ್ರೋಟೀನುಗಳು ಅದಕ್ಕೆ ಅಂಟುತ್ತವೆ, ಗ್ಲಿಯಾ ಕೋಶಗಳು ಅದನ್ನು ಪರಕೀಯವೆಂದೆಣಿಸಿ ಸುತ್ತುಗಟ್ಟುತ್ತವೆ, ಮತ್ತು ಇಳಿದಿದ್ದ ಪ್ರತಿಬಾಧೆ ಮೊದಲ ಕೆಲವು ದಿನ, ವಾರಗಳಲ್ಲಿಯೇ ಪುನಃ ಏರತೊಡಗುತ್ತದೆ. ಮಿದುಳೇ ತನ್ನದೊಂದು ಲೇಪವನ್ನು ಬಳಿಯುತ್ತದೆನ್ನಬಹುದು.

ನಮ್ಮ ನಾಡಿನಲ್ಲಿ ಈ ಕಥೆ ಬೆಂಗಳೂರಿಗೆ ಸೇರಿದುದು. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದಾಗ, ಪ್ರಥಮ ನಿರ್ದೇಶಕರಾದ ಡಾ. ಆರ್. ಎಂ. ವರ್ಮಾ ಸ್ವತಃ ನರಶಸ್ತ್ರವೈದ್ಯರಾಗಿದ್ದರು. ಆ ಕಾಲದಲ್ಲಿ ಪಾರ್ಕಿನ್ಸನ್ ಕಂಪನಕ್ಕೆ ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯೆಂದರೆ ಮಿದುಳಿನಾಳದ ಒಂದು ಬಿಂದುವನ್ನು ನಾಶಗೊಳಿಸುವುದು, ತಂತಿ ಒಳಗುಳಿಯುತ್ತಿರಲಿಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್, ನಾಶಕ್ಕೆ ಬದಲಾಗಿ ಶೀಘ್ರ ಸ್ಪಂದನಗಳ ಪ್ರಚೋದನೆಯೇ ಸಾಕೆಂದು ತೋರಿದ ಮೇಲೆ, ತಂತಿಯು ವರ್ಷಾನುಗಟ್ಟಲೆ ತಲೆಯೊಳಗೆ ನೆಲೆಸತೊಡಗಿತು. ಇಂದು ನಿಮ್ಹಾನ್ಸಿನಲ್ಲಿಯೂ ಆ ಚಿಕಿತ್ಸೆ ನಡೆಯುತ್ತದೆ. ಅಂಗಾಂಶದ ಊತ ಇಳಿಯಲೆಂದು ವೈದ್ಯರು ಸಾಮಾನ್ಯವಾಗಿ ಕೆಲವು ವಾರ ಕಾದು ಪ್ರಚೋದನೆಯನ್ನು ಹೊಂದಿಸುತ್ತಾರೆ. ಪ್ರತಿಬಾಧೆ ಬದಲಾದರೂ ಪ್ರವಾಹ ಬದಲಾಗದಂತೆ ತಾನೇ ವೋಲ್ಟೇಜನ್ನು ಸರಿಪಡಿಸಿಕೊಳ್ಳುವ ಯಂತ್ರಗಳೂ ಈಗ ಬಳಕೆಯಲ್ಲಿವೆ.