ಭಾವನ ಬೆನ್ನಿನ ಇಪ್ಪತ್ನಾಲ್ಕನೆಯ ಮಣಿ

ಬೀದರಿನಿಂದ ಭಾವ ಬೆಳಗಿನ ಬಸ್ಸಿಗೆ ಹೈದರಾಬಾದಿಗೆ ಬಂದಾಗ ಚೀಲದಲ್ಲಿ ಎರಡು ಎಂಆರ್‌ಐ ರಿಪೋರ್ಟುಗಳಿದ್ದವು. ಆರು ತಿಂಗಳಿಂದ ಸೊಂಟದಿಂದ ಎಡಗಾಲಿನ ಪಾದದವರೆಗೆ ಎಳೆಯುವ ನೋವು. ಡಿಸ್ಕ್ ಜಾರಿರುವುದು ಎಲ್4-ಎಲ್5 ನಡುವೆ ಎಂದು ಒಂದರಲ್ಲಿತ್ತು, ಎಲ್5-ಎಸ್1 ನಡುವೆ ಎಂದು ಇನ್ನೊಂದರಲ್ಲಿ. "ಒಬ್ಬರು ಮ್ಯಾಲಿಂದು ಅಂತಾರ, ಒಬ್ಬರು ಕೆಳಗಿಂದು ಅಂತಾರ. ಕೊಯ್ಯೋದು ಎಲ್ಲಿ ಮತ್ತ?" ಅಂದರು ಭಾವ. ಅಕ್ಕ ಮಾತಾಡಲಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪು ಬರೆದಿದ್ದಾರೆ ಎಂದೇ ನಾನೂ ತಿಳಿದಿದ್ದೆ.

ಇಲ್ಲಿನ ಸರ್ಜನ್ ಎರಡೂ ಫಿಲ್ಮುಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಕೆಟ್ಟಿರುವುದು ಒಂದೇ ಡಿಸ್ಕ್, ಹೆಸರು ಮಾತ್ರ ಎರಡು ಎಂದರು.

ಕುತ್ತಿಗೆಯಲ್ಲಿ 7 ಮಣಿ, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ ಐದು ಮಣಿಗಳು ಕೂಡಿ ಆದ ತ್ರಿಕಾಸ್ಥಿ. ಇದು ಶಾಲೆಯ ಪುಸ್ತಕದ ಲೆಕ್ಕ. ಕುತ್ತಿಗೆಯ ಏಳು ತಪ್ಪುವುದು ಬಹಳ ಅಪರೂಪ (ಜಿರಾಫೆಗೂ ಏಳೇ!). ಆದರೆ ಸೊಂಟ ಮತ್ತು ತ್ರಿಕಾಸ್ಥಿ ಸೇರುವ ಗಡಿ ಅಷ್ಟು ಗಟ್ಟಿಯಲ್ಲ. ಕೆಲವರಿಗೆ ಸೊಂಟದ ಕೊನೆಯ ಮಣಿ ಹುಟ್ಟಿನಿಂದಲೇ ತ್ರಿಕಾಸ್ಥಿಗೆ ಅಂಟಿರುತ್ತದೆ, ಒಮ್ಮೊಮ್ಮೆ ಒಂದೇ ಬದಿಗೆ. ಇನ್ನು ಕೆಲವರಿಗೆ ತ್ರಿಕಾಸ್ಥಿಯ ಮೊದಲ ಮಣಿ ಬಿಡಿಯಾಗಿ ನಿಂತು, ಸೊಂಟದಲ್ಲಿ ಆರು ಇದ್ದಂತೆ ಕಾಣುತ್ತದೆ. ಬೇರೆಬೇರೆ ಅಧ್ಯಯನಗಳ ಪ್ರಕಾರ ನೂರಕ್ಕೆ 4ರಿಂದ 30 ಜನರಲ್ಲಿ ಇಂಥ ವ್ಯತ್ಯಾಸ ಉಂಟು. ಎಷ್ಟು ಅಂಟಿದ್ದರೆ ಅಂಟಿದೆ ಅನ್ನಬೇಕು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಇದು ರೋಗವಲ್ಲ, ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ಅದರಿಂದಲೇ ನೋವು ಬರಬಹುದು ಎಂದು 1917ರಲ್ಲಿ ಇಟಲಿಯ ವೈದ್ಯ ಬರ್ಟೊಲೊಟ್ಟಿ ಬರೆದಿದ್ದರು.

ಭಾವನದು ಎಡಬದಿಗೆ ಅಂಟಿದ ಮಣಿ. ಒಬ್ಬರು ಅದನ್ನು ಸೊಂಟದ ಐದನೆಯದು ಎಂದು ಲೆಕ್ಕಕ್ಕೆ ಹಿಡಿದಿದ್ದರು, ಇನ್ನೊಬ್ಬರು ತ್ರಿಕಾಸ್ಥಿಗೇ ಸೇರಿಸಿಬಿಟ್ಟಿದ್ದರು.

ಹೆಸರಿನಲ್ಲೇನಿದೆ ಅನ್ನುವಂತಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ರೋಗಿ ಬೋರಲು ಮಲಗಿದಾಗ ಸರ್ಜನ್‌ಗೆ ಕಾಣುವುದು ನಾಲ್ಕು ಬೆರಳಗಲದ ಚರ್ಮ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಹಿಡಿದು, ಸಾಮಾನ್ಯವಾಗಿ ತ್ರಿಕಾಸ್ಥಿಯಿಂದ ಮೇಲಕ್ಕೆ ಎಣಿಸುತ್ತಾರೆ. ರಿಪೋರ್ಟಿನ ಎಣಿಕೆಯೂ ಅಲ್ಲಿನ ಎಣಿಕೆಯೂ ಹೊಂದದಿದ್ದರೆ ಒಂದು ಮನೆ ಆಚೀಚೆ. ಒಳ್ಳೆಯ ಡಿಸ್ಕಿಗೆ ಕತ್ತರಿ ಬಿದ್ದು, ಕೆಟ್ಟದ್ದು ಇದ್ದಲ್ಲೇ ಉಳಿಯುತ್ತದೆ.

ಅದಕ್ಕೇ ಕುತ್ತಿಗೆಯಿಂದ ಬಾಲದೆಲುಬಿನವರೆಗೆ ಇಡೀ ಬೆನ್ನಿನ ಚಿತ್ರ ತೆಗೆಸಿದರು. ಕುತ್ತಿಗೆಯ ಎರಡನೆಯ ಮಣಿಗೆ ಹಲ್ಲಿನಂಥ ಮೊಳೆಯಿರುತ್ತದೆ, ಅದನ್ನು ಗುರುತಿಸುವುದು ಸುಲಭ. ಅಲ್ಲಿಂದ ಪೆನ್ನಿನ ತುದಿ ಇಳಿಸುತ್ತ ಡಾಕ್ಟರು ತೆಲುಗಿನಲ್ಲಿ ಎಣಿಸಿದರೆ, ಪಕ್ಕದಲ್ಲಿ ಭಾವ ಕನ್ನಡದಲ್ಲಿ. ಅಂಟಿದ ಮಣಿಗೆ ಬಂದಾಗ ಇಬ್ಬರದೂ ಇಪ್ಪತ್ನಾಲ್ಕು. ಅಂದರೆ ಅದು ಎಲ್5, ಜಾರಿದ್ದು ಅದರ ಮೇಲಿನ ಡಿಸ್ಕ್. ಡಾಕ್ಟರು ಅದನ್ನೇ ಕೇಸ್ ಶೀಟಿನಲ್ಲಿ ಬರೆದು, ಆ ಉದ್ದನೆಯ ಚಿತ್ರ ಆಪರೇಷನ್ ದಿನ ಥಿಯೇಟರಿನಲ್ಲಿ ಇರಲೇಬೇಕು ಎಂದರು.

ಬೀದರ, ರಾಯಚೂರು, ಕಲಬುರಗಿಯಿಂದ ನಮ್ಮ ಮನೆಗಳಿಗೆ ಬಂದಿಳಿಯುವ ನೆಂಟರು ಬರೀ ರಿಪೋರ್ಟಿನ ಹಾಳೆ ತರುತ್ತಾರೆ, ಫಿಲ್ಮು, ಸಿಡಿ ಊರಲ್ಲೇ ಬಿಟ್ಟಿರುತ್ತಾರೆ. ಎಣಿಸಲು ಬೇಕಾದದ್ದು ಅವೇ. ಭಾವ ಎರಡನ್ನೂ ಹೊತ್ತು ತಂದಿದ್ದರು, ಬಸ್ಸಿನಲ್ಲಿ ಮಡಚಿಹೋಗದಂತೆ ತೊಡೆಯ ಮೇಲೆ ಇಟ್ಟುಕೊಂಡು.