ಬಲ ಕೊಟ್ಟರೆ ಸಾಲದು, ಜಾಗ ತಿಳಿಯಬೇಕು

ಕೆಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹೋಗುವ ಅಲ್ಯೂಮಿನಿಯಂ ಅಷ್ಟೇ. ಮುಚ್ಚಳ ಬಿಚ್ಚಿ ನೋಡಿದರೆ ಒಂದು ಮೂಲೆಯಲ್ಲಿ ಉಕ್ಕಿನ ತಗಡಿಗೆ ಅಂಟಿದ ನಿಯೋಡಿಮಿಯಂ ಅಯಸ್ಕಾಂತ, ಅದರ ಸಂದಿನಲ್ಲಿ ತಾಮ್ರದ ತಂತಿಯ ಚಪ್ಪಟೆ ಸುರುಳಿ, ಸುರುಳಿಗೆ ಸೇರಿದ ತೋಳು ಕಾಣುತ್ತವೆ. ಸ್ಪೀಕರಿನ ಸುರುಳಿಯ ತತ್ತ್ವವೇ ಇದರದ್ದೂ ಆದ್ದರಿಂದ ವಾಯ್ಸ್ ಕಾಯಿಲ್ ಎಂಬ ಹೆಸರು. ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಪಿಯು, ಐಟಿಐ, ಡಿಪ್ಲೊಮಾ ಮಕ್ಕಳಿಗೆ ಸ್ವಯಂಚಾಲಿತ ನಿಯಂತ್ರಣ ಕಲಿಸಲು ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕ ಸಾಧನ ಮತ್ತೊಂದಿಲ್ಲ ಎಂಬುದು ನನ್ನ ವಾದ.

ಸುರುಳಿಗೆ ಕರೆಂಟ್ ಕೊಟ್ಟರೆ ತೋಳು ಟಕ್ಕೆಂದು ಒಂದು ತುದಿಗೆ ಬಡಿಯುತ್ತದೆ. ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದರೆ ಇನ್ನೊಂದು ತುದಿಗೆ. ನಡುವೆ ಎಲ್ಲೂ ನಿಲ್ಲದು. ಕರೆಂಟ್ ನಿರ್ಧರಿಸುವುದು ಬಲವನ್ನು, ಜಾಗವನ್ನಲ್ಲ. ಹಾಗಾಗಿ ತೋಳು ಎಲ್ಲಿದೆ ಎಂದು ಕ್ಷಣಕ್ಷಣವೂ ಅಳೆದು, ಇರಬೇಕಾದ ಜಾಗದಿಂದ ಅದು ಎಷ್ಟು ದೂರವಿದೆ ಎಂದು ನೋಡಿ ಕರೆಂಟನ್ನು ತಿದ್ದುತ್ತಿರಬೇಕು. ಇದೇ ಫೀಡ್‌ಬ್ಯಾಕ್. ಡ್ರೈವ್ ಬದುಕಿದ್ದಾಗ ಆ ಅಳತೆ ಮಾಹಿತಿ ದಾಖಲಾಗುವ ತಟ್ಟೆಯ ಮೇಲಿನ ಸರ್ವೋ ಗುರುತುಗಳಿಂದ, ಅಂದರೆ ಜಾಗ ತಿಳಿಸುವ ಗುರುತುಗಳಿಂದ, ಸಿಗುತ್ತಿತ್ತು. ತಟ್ಟೆ ತೆಗೆದ ಮೇಲೆ ಬೇರೆ ಕಣ್ಣು ಬೇಕು. ಓರೆಯಾಗಿ ಕತ್ತರಿಸಿದ ಅಲ್ಯೂಮಿನಿಯಂ ಚೂರನ್ನು ತೋಳಿಗೆ ಅಂಟಿಸಿ, ಒಂದು ಬದಿ ಇನ್‌ಫ್ರಾರೆಡ್ ಎಲ್‌ಇಡಿ, ಎದುರು ಬದಿ ಫೋಟೊಡಯೋಡ್ ಇಟ್ಟರೆ ಸಾಕು. ತೋಳು ಸರಿದಂತೆ ಬೀಳುವ ಬೆಳಕು ಬದಲಾಗುತ್ತದೆ. ಇನ್ನು ಪಾಠ ಶುರು. ಅಂತರಕ್ಕೆ ತಕ್ಕಷ್ಟೇ ಕರೆಂಟ್ ಕೊಟ್ಟರೆ ತೋಳು ಗುರಿ ದಾಟಿ, ಮರಳಿ, ಮತ್ತೆ ದಾಟಿ ಗಡಗಡ ನಡುಗುತ್ತದೆ. ವೇಗವನ್ನೂ ಲೆಕ್ಕಕ್ಕೆ ಹಿಡಿದು ಮೊದಲೇ ತಡೆ ಹಾಕಿದರೆ ನಡುಕ ಅಡಗುತ್ತದೆ. ಆದರೂ ತೋಳಿಗೆ ಸೇರಿದ ಪಟ್ಟಿ ಕೇಬಲ್ಲಿನ ಎಳೆತದಿಂದ ತೋಳು ಗುರಿಗೆ ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತದೆ. ಉಳಿದ ಅಂತರವನ್ನು ಕೂಡಿಸುತ್ತ ಹೋಗುವ ಮೂರನೆಯ ಲೆಕ್ಕ ಅದನ್ನೂ ಸರಿಪಡಿಸುತ್ತದೆ. ಕಾರ್ಖಾನೆಗಳಲ್ಲಿ ಪಿಐಡಿ ಎನ್ನುವುದು ಈ ಮೂರನ್ನೇ.

ಸಿದ್ಧ ಸರ್ವೋ ಮೋಟರ್ ಸಿಗುವಾಗ ಈ ಪಾಡೇಕೆ ಎಂದು ಕೇಳಬಹುದು. ಸಿಗುತ್ತದೆ ನಿಜ, ಆದರೆ ಅದರ ನಿಯಂತ್ರಣವೆಲ್ಲ ಡಬ್ಬಿಯೊಳಗೆ ಅಡಗಿರುತ್ತದೆ. ವಿದ್ಯಾರ್ಥಿ ಕಲಿಯುವುದು ಬಳಸುವುದನ್ನು, ತಿದ್ದುವುದನ್ನಲ್ಲ. ಎಣಿಸಿದ ಹೆಜ್ಜೆಗಳಲ್ಲಿ ತಿರುಗುವ ಸ್ಟೆಪ್ಪರ್ ಮೋಟರಿಗೆ ಫೀಡ್‌ಬ್ಯಾಕ್ ಬೇಡವಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದಕ್ಕೆ ಹಾರ್ಡ್ ಡಿಸ್ಕಿನ ಚರಿತ್ರೆಯೇ ಉತ್ತರ. ಪುಟ್ಟ ಕಂಪ್ಯೂಟರುಗಳ ಮೊದಲ ಡ್ರೈವ್‌ಗಳಲ್ಲಿ ಸ್ಟೆಪ್ಪರೇ ಇತ್ತು. ಬಿಸಿಗೆ ಲೋಹ ಹಿಗ್ಗಿದರೆ ತೋಳಿನ ತುದಿಯಲ್ಲಿ ಓದಿ ಬರೆಯುವ ಹೆಡ್ ದಾರಿ ತಪ್ಪುತ್ತಿತ್ತು, ತಪ್ಪಿದ್ದು ಮೋಟರಿಗೆ ಗೊತ್ತಾಗುತ್ತಲೇ ಇರಲಿಲ್ಲ. ದೊಡ್ಡ ಕಂಪ್ಯೂಟರುಗಳಿಗೆ ಐಬಿಎಂ ಅದಕ್ಕೂ ಮೊದಲೇ, 1971ರಲ್ಲಿ, ತನ್ನ 3330 ಡ್ರೈವ್‌ನಲ್ಲಿ ತಟ್ಟೆಯ ಮೇಲಿನ ಮಾಹಿತಿಯ ಸಾಲನ್ನೇ, ಅಂದರೆ ಟ್ರ್ಯಾಕನ್ನೇ, ನೋಡಿಕೊಂಡು ಹಿಂಬಾಲಿಸುವ ಸರ್ವೋ ತಂದಿತು. ಟ್ರ್ಯಾಕುಗಳು ಒತ್ತೊತ್ತಾದಂತೆ ಚಿಕ್ಕ ಡ್ರೈವ್‌ಗಳೂ ಅದೇ ದಾರಿ ಹಿಡಿದವು.

ಈ ವಿದ್ಯೆ ನಮ್ಮ ಸೀಮೆಗೆ ದೂರದ್ದೂ ಅಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನದ ಕಡೆಗೆ ಹಳಿ ಕವಲೊಡೆಯುವುದು ಅರಸೀಕೆರೆ ಜಂಕ್ಷನ್ನಿನಲ್ಲಿ. ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್ ಮೋಟರ್ ತಿರುಗಿದ ಮಾತ್ರಕ್ಕೆ ರೈಲ್ವೆ ಸಿಗ್ನಲ್ ಬಿಡುವುದಿಲ್ಲ. ಹಳಿ ಸರಿಯಾಗಿ ಕೂತು ಲಾಕ್ ಆಗಿದೆ ಎಂಬ ಖಾತ್ರಿ ಬರಬೇಕು. ಹಾಸನದಲ್ಲಿ 1982ರಲ್ಲಿ ಶುರುವಾದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಜಾಗ ಅಳೆದು, ತಪ್ಪಿದರೆ ತಿದ್ದಿ, ಮತ್ತೆ ಅಳೆಯುತ್ತದೆ.

ಮಾಡುವವರು ಕೆಲವು ಎಚ್ಚರ ವಹಿಸಲೇಬೇಕು. ಕರೆಂಟಿಗೆ ಮಿತಿ ಇಡದಿದ್ದರೆ ಸುರುಳಿ ಸುಟ್ಟುಹೋಗುತ್ತದೆ. ಅಯಸ್ಕಾಂತದ ಸಂದಿಗೆ ಬೆರಳು ಸಿಕ್ಕಿದರೆ ಚರ್ಮ ಕಿತ್ತುಬರುತ್ತದೆ. ಲ್ಯಾಪ್‌ಟಾಪ್ ಡ್ರೈವ್‌ಗಳ ತಟ್ಟೆ ಹಲವು ಬಾರಿ ಗಾಜಿನದು, ಬಗ್ಗಿಸಿದರೆ ಚೂರುಚೂರಾಗಿ ಸಿಡಿಯುತ್ತದೆ. ಉಳಿದ ಭಾಗಗಳನ್ನು ಕಸದ ಗಾಡಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಗಾರರಿಗೇ ಕೊಡಬೇಕು. ಕಾಲೇಜಿನ ಹಳೆಯ ಕಂಪ್ಯೂಟರುಗಳನ್ನು ವಿಲೇವಾರಿ ಮಾಡುವ ಪ್ರಾಂಶುಪಾಲರಲ್ಲಿ ನನ್ನದೊಂದು ಕೋರಿಕೆ: ಲಾರಿ ಬರುವ ಮುಂಚೆ ಹತ್ತು ಡ್ರೈವ್ ಎತ್ತಿಟ್ಟು ಪ್ರಯೋಗಾಲಯಕ್ಕೆ ಕೊಡಿ.