ಜ್ವರಗಡ್ಡೆಯೆಂದು ಕಳೆದ ಎಂಟು ತಿಂಗಳು

ಕಳೆದ ವರ್ಷ ಅಡಕೆ ಸುಲಿತ ಮುಗಿದ ಮೇಲೆ ನಾವು ಹದಿನೈದು ದಿನ ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಇರಬೇಕಾಯಿತು. ನಮ್ಮ ಭಾವನವರನ್ನು ಚಿಕಿತ್ಸೆಗಾಗಿ ಅಲ್ಲಿ ಮಗನ ಮನೆಗೆ ಕರೆದೊಯ್ದಿದ್ದೆವು. ಅರವತ್ತೆಂಟರ ಪ್ರಾಯ. ಎಂಟು ತಿಂಗಳಿಂದ ಸುಸ್ತು, ರಾತ್ರಿ ಬೆವರು. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬುತ್ತಿತ್ತು. ಎಡಪಕ್ಕೆಯ ಕೆಳಗೆ ಗಟ್ಟಿ ಗಡ್ಡೆ ಕೈಗೆ ಸಿಗುತ್ತಿತ್ತು. ಹಳೆಯ ಮಲೇರಿಯಾದ ಜ್ವರಗಡ್ಡೆಯೆಂದು ಊರೆಲ್ಲ ಹೇಳಿತು. ಪದವೀಧರರಾದ ನಾವೂ ಹಾಗೆಯೇ ಹೇಳಿ ಕಬ್ಬಿಣದ ಟಾನಿಕ್ಕು ಕುಡಿಸಿದೆವು.

ಅಲ್ಲಿನ ವೈದ್ಯರು ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೆಂಪುಕಣಗಳು ಕಣ್ಣೀರ ಹನಿಯ ಆಕಾರದಲ್ಲಿವೆಯೆಂದರು. ಸೊಂಟದೆಲುಬಿಗೆ ಸೂಜಿ ಹಾಕಿದರೆ ಮಜ್ಜೆ ಬರಲಿಲ್ಲ. ಎಲುಬಿನ ಚೂರನ್ನೇ ತೆಗೆದು ಪರೀಕ್ಷಿಸಿದರು. ರೋಗ ಮೈಲೋಫೈಬ್ರೋಸಿಸ್, ಅಂದರೆ ಮಜ್ಜೆ ನಾರುಗಟ್ಟುವುದು.

ಮಜ್ಜೆಯೆಂದರೆ ರಕ್ತ ಹುಟ್ಟುವ ಸಸಿಮಡಿ. ಅಲ್ಲಿನ ಒಂದು ಮೂಲಕಣದ ಜೀನಿನಲ್ಲಿ ತಪ್ಪು ಹುಟ್ಟಿ, ಅದರ ಸಂತತಿ ಕಳೆಯಂತೆ ಹಬ್ಬುತ್ತದೆ. ಪ್ಲೇಟ್‌ಲೆಟ್ ತಯಾರಿಸುವ ದೊಡ್ಡ ಕಣಗಳು ಸ್ರವಿಸುವ ವಸ್ತುಗಳಿಂದ ನೆರೆಯ ಕಣಗಳು ನಾರು ಹೆಣೆಯತೊಡಗುತ್ತವೆ. ಮಜ್ಜೆಯಲ್ಲಿ ಎಡೆಯಿಲ್ಲದಾಗ ರಕ್ತದ ತಯಾರಿ ಗುಲ್ಮಕ್ಕೆ ಸರಿಯುತ್ತದೆ. ಗಡ್ಡೆ ಬೆಳೆಯುವುದು ಹೀಗೆ. ಜರ್ಮನಿಯ ಹಾಯ್ಕ್ ಎಂಬ ವೈದ್ಯ ಈ ರೋಗವನ್ನು 1879ರಲ್ಲೇ ವರ್ಣಿಸಿದ್ದರೂ, ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಕಾಣುವ ಜಾಕ್-2 ಎಂಬ ಜೀನಿನ ದೋಷ ಗೊತ್ತಾದುದು 2005ರಲ್ಲಿ. ಸಾಮಾನ್ಯವಾಗಿ ಇದು ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ ಆದದ್ದು.

ನಲವತ್ತು ಮಳೆಗಾಲ ಬೋರ್ಡೋ ಹೊಡೆದುದೇ ಕಾರಣವೇ ಎಂಬುದು ಭಾವನವರ ಕೊರಗು. ಮೈಲುತುತ್ತ ಇದರ ಗೊತ್ತಿರುವ ಕಾರಣಗಳಲ್ಲಿಲ್ಲ. ಬೆಂಜೀನ್ ಮತ್ತು ವಿಕಿರಣಕ್ಕೆ ನಂಟುಂಟು. ಹೆಚ್ಚಿನವರಲ್ಲಿ ಹೊರಗಿನ ಕಾರಣವೇ ಸಿಗುವುದಿಲ್ಲ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ. ಸ್ಪ್ರೇಯರಿಗೆ ಪೆಟ್ರೋಲು ತುಂಬಲು ಪೈಪಿಗೆ ಬಾಯಿ ಹಾಕಿ ಎಳೆಯುವವರೂ, ಗ್ರೀಸು ಹೋಗಲು ಅದರಲ್ಲೇ ಕೈ ತೊಳೆಯುವವರೂ ನಮ್ಮಲ್ಲಿದ್ದಾರೆ. ಇದನ್ನು ಬಿಡತಕ್ಕದ್ದು.

ಕ್ಷಯ, ಲೂಪಸ್, ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಇವುಗಳಿಂದಲೂ ಮಜ್ಜೆ ನಾರುಗಟ್ಟಬಹುದು. ಮೂಲ ರೋಗ ವಾಸಿಯಾದರೆ ಕೆಲವರಲ್ಲಿ ನಾರೂ ಕರಗುತ್ತದೆ. ಆದ್ದರಿಂದ ಇಂಥ ಗಡ್ಡೆ ಕಂಡರೆ ನೀವಿಸದೆ, ಬರೆ ಹಾಕಿಸದೆ, ಮಲೇರಿಯಾ ಪರೀಕ್ಷೆಯೊಡನೆ ರಕ್ತಕಣಗಳ ಪರೀಕ್ಷೆಯನ್ನೂ ಕೇಳಿ ಮಾಡಿಸಿರಿ. ಮುಂದಿನ ತಪಾಸಣೆಗೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ.

ರೋಗವನ್ನು ಬುಡಸಹಿತ ಕೀಳಬಲ್ಲುದು ಮಜ್ಜೆಯ ಕಸಿಯೊಂದೇ. ಭಾವನವರ ದೇಹಸ್ಥಿತಿಗೆ ಅದು ಆಗದೆಂದರು. 2011ರಲ್ಲಿ ಅಮೆರಿಕದಲ್ಲಿ ಮೊದಲು ಮಂಜೂರಾದ ರುಕ್ಸೋಲಿಟಿನಿಬ್ ಮಾತ್ರೆಯನ್ನು ದಿನಕ್ಕೆರಡು ಸಲ ನುಂಗುತ್ತಾರೆ. ಗಡ್ಡೆ ತಗ್ಗಿದೆ, ಊಟ ಸೇರುತ್ತದೆ. ಆಗಾಗ ರಕ್ತ ಕೊಡಿಸುವುದು ತಪ್ಪಿಲ್ಲ. ಹೂಮಳೆ ಬಂತೇ ಎಂದು ಮಾರತ್ತಹಳ್ಳಿಯಿಂದ ಫೋನು ಮಾಡುತ್ತಿರುತ್ತಾರೆ.